ಹಳೆಯ ಕಾರಿನ ತಂಪುಯಂತ್ರ ಕೆಟ್ಟಾಗ

ಬೇಸಗೆ ಕಾಲಿಟ್ಟೊಡನೆ ಮೋಟಾರು ದುರಸ್ತಿಯ ಅಂಗಡಿಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಗ್ಯಾಸು ಖಾಲಿಯಾಗಿದೆ ಸಾರ್, ತುಂಬಿಸಿದರೆ ಸರಿಹೋಗುತ್ತದೆ." ಹತ್ತು ಹದಿನೈದು ವರ್ಷ ಓಡಿದ ಕಾರಿನ ಒಡೆಯರು ಈ ಮಾತನ್ನು ನಂಬಿ, ಹಣ ತೆತ್ತು, ಗ್ಯಾಸು ತುಂಬಿಸಿಕೊಂಡು ಹೋಗುತ್ತಾರೆ. ಕೆಲವು ಕಾಲ ಹಿತವಾದ ತಂಗಾಳಿ ಬೀಸುತ್ತದೆ. ಮುಂದಿನ ಬೇಸಗೆಗೆ, ಎಷ್ಟೋ ವೇಳೆ ಮುಂದಿನ ತಿಂಗಳಿಗೇ, ಯಂತ್ರವು ಮತ್ತೆ ಬಿಸಿಗಾಳಿಯನ್ನು ಊದತೊಡಗುತ್ತದೆ. ಮತ್ತೆ ಅದೇ ಅಂಗಡಿ, ಅದೇ ಮಾತು, ಅದೇ ಖರ್ಚು.

ಪೆಟ್ರೋಲು ಖಾಲಿಯಾಗುವುದು ಸಹಜ. ಎಂಜಿನಿನಲ್ಲಿ ಅದು ಉರಿದುಹೋಗುತ್ತದೆ. ಆದರೆ ತಂಪುಯಂತ್ರದೊಳಗಿನ ಗ್ಯಾಸು ಉರಿಯುವುದಿಲ್ಲ, ಸವೆಯುವುದಿಲ್ಲ, ಬಳಕೆಯಿಂದ ಶಕ್ತಿಗುಂದುವುದೂ ಇಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ಸುಮ್ಮನೆ ಸುತ್ತುತ್ತಿರುತ್ತದೆ, ಅಷ್ಟೆ. ಹಾಗಾದರೆ ಅದು ಖಾಲಿಯಾದದ್ದು ಹೇಗೆ? ಹೋದದ್ದು ಎಲ್ಲಿಗೆ? ಈ ಪ್ರಶ್ನೆಗೆ ಉತ್ತರ ಹುಡುಕದೆ ಮಾಡಿದ ದುರಸ್ತಿಯು ದುರಸ್ತಿಯೇ ಅಲ್ಲವೆಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ. ಇದಕ್ಕೆ ಬೇಕಾದ ಭೌತಶಾಸ್ತ್ರವು ಬಹಳ ಸ್ವಲ್ಪ. ಅದರ ಬಹುಭಾಗವನ್ನು ನಮ್ಮ ಅಡುಗೆಮನೆಯಲ್ಲಿಯೇ ಕಾಣಬಹುದು.

ತಂಪು ಬರುವ ಬಗೆ

ಸ್ಪಿರಿಟ್ಟನ್ನು ಅಂಗೈಗೆ ಸವರಿಕೊಂಡರೆ ತಣ್ಣಗೆನಿಸುವುದು, ಮಣ್ಣಿನ ಹೂಜಿಯ ನೀರು ಬಿರುಬೇಸಗೆಯಲ್ಲಿಯೂ ತಂಪಾಗಿರುವುದು ಎಲ್ಲರ ಅನುಭವಕ್ಕೆ ಬಂದ ಸಂಗತಿಗಳು. ದ್ರವವು ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು. ಆ ಶಾಖವನ್ನು ಅದು ತನ್ನ ಸುತ್ತಲಿನ ವಸ್ತುಗಳಿಂದಲೇ ಹೀರಿಕೊಳ್ಳುತ್ತದೆ. ಇದಕ್ಕೆ ಗುಪ್ತೋಷ್ಣವೆಂದು ಹೆಸರು. ಆವಿಯು ಮರಳಿ ದ್ರವವಾಗುವಾಗ ಈ ಶಾಖವನ್ನು ಹೊರಕ್ಕೆ ಬಿಟ್ಟುಕೊಡುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ದ್ರವದ ಕುದಿಬಿಂದುವು ಒತ್ತಡವನ್ನು ಅವಲಂಬಿಸಿದೆ. ಪ್ರೆಷರ್ ಕುಕ್ಕರಿನೊಳಗೆ ಒತ್ತಡ ಹೆಚ್ಚಿರುವುದರಿಂದ ನೀರು ಸುಮಾರು ೧೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ವಾಯುವಿನ ಒತ್ತಡ ಕಡಿಮೆಯಾದುದರಿಂದ ಅದೇ ನೀರು ಸುಮಾರು ೯೪ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಎಂದರೆ, ಒತ್ತಡವನ್ನು ಹೆಚ್ಚು ಕಡಿಮೆ ಮಾಡಿ ಒಂದು ದ್ರವ್ಯವನ್ನು ನಮಗೆ ಬೇಕಾದ ಉಷ್ಣತೆಯಲ್ಲಿ ಕುದಿಸಬಹುದು, ಬೇಕಾದ ಉಷ್ಣತೆಯಲ್ಲಿ ದ್ರವವಾಗಿಸಬಹುದು.

ಕಾರಿನ ತಂಪುಯಂತ್ರದ ಗುಟ್ಟು ಇಷ್ಟೇ. ಅದರೊಳಗಿರುವ ದ್ರವ್ಯಕ್ಕೆ ಶೀತಕವೆಂದು ಹೆಸರು; ಅಂಗಡಿಯವರ ಮಾತಿನಲ್ಲಿ ಅದೇ "ಗ್ಯಾಸು". ಇಂದು ರಸ್ತೆಯಲ್ಲಿರುವ ಹಳೆಯ ಕಾರುಗಳಲ್ಲಿ ಬಹುಪಾಲಿನವು ಬಳಸುವ ಶೀತಕ ಆರ್-೧೩೪ಎ. ಬಯಲಿನಲ್ಲಿ ಇದು ಸೊನ್ನೆಗಿಂತ ೨೬ ಡಿಗ್ರಿ ಕೆಳಗೆ ಕುದಿಯುತ್ತದೆ. ವಾಯುಮಂಡಲದ ಒತ್ತಡದ ಸುಮಾರು ಮೂರರಷ್ಟು ಒತ್ತಡದಲ್ಲಿ ಸೊನ್ನೆ ಡಿಗ್ರಿಯಲ್ಲಿಯೂ, ಸುಮಾರು ಹದಿನೇಳರಷ್ಟು ಒತ್ತಡದಲ್ಲಿ ೬೦ ಡಿಗ್ರಿಯಲ್ಲಿಯೂ ಕುದಿಯುತ್ತದೆ.

ಎಂಜಿನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಶೀತಕದ ಆವಿಯನ್ನು ಒತ್ತಿ ಬಿಸಿಮಾಡುತ್ತದೆ. ಆ ಬಿಸಿ ಆವಿಯು ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಬಂದು, ಹೊರಗಿನ ಗಾಳಿಗೆ ಶಾಖವನ್ನು ಕೊಟ್ಟು ದ್ರವವಾಗುತ್ತದೆ. ಹೊರಗೆ ೪೦ ಡಿಗ್ರಿ ಬಿಸಿಲಿದ್ದರೂ ಶೀತಕವು ೬೦ ಡಿಗ್ರಿಯಲ್ಲಿರುವುದರಿಂದ ಶಾಖವು ಹೊರಕ್ಕೆ ಹರಿಯಲು ಅಡ್ಡಿಯಿಲ್ಲ. ಬಳಿಕ ಆ ದ್ರವವು ತೇವವನ್ನು ಹೀರುವ ಡ್ರೈಯರನ್ನು ದಾಟಿ, ಎಕ್ಸ್‌ಪ್ಯಾನ್ಷನ್ ವಾಲ್ವ್ ಎಂಬ ಕಿರುಗಂಡಿಯಲ್ಲಿ ನುಸುಳುತ್ತದೆ. ಅಲ್ಲಿ ಒತ್ತಡ ತಟಕ್ಕನೆ ಇಳಿಯುತ್ತದೆ. ಈಗ ಅದು ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತ, ಒಳಗಿನ ಗಾಳಿಯ ಶಾಖವನ್ನು ಹೀರಿ ಆವಿಯಾಗುತ್ತದೆ. ಆವಿಯಾಗಿ ಮತ್ತೆ ಕಂಪ್ರೆಸರನ್ನು ಸೇರುತ್ತದೆ. ಈ ಯಂತ್ರವು ನಮಗೆ ತಂಪನ್ನು ಕೊಡುವುದೆಂಬುದು ರೂಢಿಯ ಮಾತು. ನಿಜವಾಗಿ ಅದು ಕಾರಿನೊಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುವ ಯಂತ್ರ.

ಒಂದು ಸಣ್ಣ ಲೆಕ್ಕ ಹಾಕೋಣ. ಈ ಯಂತ್ರವು ಸೆಕೆಂಡಿಗೆ ೩೦೦೦ ಜೂಲ್ ಶಾಖವನ್ನು ಹೊರಹಾಕಬೇಕೆಂದು ಭಾವಿಸೋಣ. ಒಂದು ಗ್ರಾಮು ಶೀತಕವು ಒಂದು ಸುತ್ತಿನಲ್ಲಿ ಸುಮಾರು ೧೨೦ ಜೂಲ್ ಶಾಖವನ್ನು ಹೊತ್ತೊಯ್ಯಬಲ್ಲದು. ಎಂದ ಮೇಲೆ ಸೆಕೆಂಡಿಗೆ ೨೫ ಗ್ರಾಮು ಶೀತಕವು ಹರಿಯಬೇಕು. ಯಂತ್ರದಲ್ಲಿರುವ ಒಟ್ಟು ಶೀತಕ ೬೦೦ ಗ್ರಾಮಾದರೆ, ಅದೆಲ್ಲವೂ ೨೪ ಸೆಕೆಂಡಿಗೊಮ್ಮೆ ಇಡೀ ಸುತ್ತನ್ನು ಮುಗಿಸುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಏಳು ಗಂಟೆಯ ಪ್ರಯಾಣದಲ್ಲಿ ಯಂತ್ರವು ಎಡೆಬಿಡದೆ ನಡೆದರೆ, ಅದೇ ಶೀತಕವು ಸಾವಿರ ಸುತ್ತು ಸುತ್ತಿರುತ್ತದೆ. ಊರು ಸೇರಿದಾಗ ಅದರ ತೂಕ ಹೊರಟಾಗ ಇದ್ದಷ್ಟೇ ಇರಬೇಕು. ಇಲ್ಲವಾದರೆ ದಾರಿಯಲ್ಲೆಲ್ಲೋ ತೂತಿದೆಯೆಂದೇ ಅರ್ಥ.

ಮನೆಯ ಫ್ರಿಜ್ಜೂ ಕಾರಿನ ಯಂತ್ರವೂ

ಮನೆಯ ಫ್ರಿಜ್ಜಿನಲ್ಲಿಯೂ ಇದೇ ಚಕ್ರ ನಡೆಯುತ್ತದೆ. ಅದಕ್ಕೆ ಇಪ್ಪತ್ತು ವರ್ಷ ಗ್ಯಾಸು ತುಂಬಿಸದಿದ್ದರೂ ನಡೆಯುವುದುಂಟು. ಕಾರಿನ ಯಂತ್ರಕ್ಕೆ ಮಾತ್ರ ಈ ಬಾಧೆಯೇಕೆ? ಕಾರಣ ಅದರ ರಚನೆಯಲ್ಲಿದೆ. ಫ್ರಿಜ್ಜಿನ ಕಂಪ್ರೆಸರೂ ಅದನ್ನು ತಿರುಗಿಸುವ ವಿದ್ಯುತ್ ಮೋಟಾರೂ ಒಂದೇ ಉಕ್ಕಿನ ಗಡಿಗೆಯೊಳಗಿವೆ, ಕೊಳವೆಗಳೆಲ್ಲ ಬೆಸೆದ ಲೋಹದವು, ಸೋರಲು ಸಂದಿಲ್ಲ. ಕಾರಿನಲ್ಲಿಯಾದರೋ ಕಂಪ್ರೆಸರನ್ನು ತಿರುಗಿಸುವ ಶಕ್ತಿಯು ಹೊರಗಿನಿಂದ, ಬೆಲ್ಟಿನ ಮೂಲಕ ಬರಬೇಕು. ಆದುದರಿಂದ ಅದರ ಅಚ್ಚು ಗೋಡೆಯನ್ನು ಹಾಯ್ದು ಹೊರಬರಲೇಬೇಕು. ಅಚ್ಚು ಹೊರಬರುವೆಡೆಯಲ್ಲಿ ಅದನ್ನು ಸುತ್ತಿರುವ ಸೀಲು ಒಂದೇ ಅಲ್ಲಿನ ಕಾವಲು. ಎಂಜಿನು ಅಲುಗಾಡುವುದರಿಂದ ಕೊಳವೆಗಳ ನಡುವೆ ರಬ್ಬರಿನ ಹೋಸುಗಳನ್ನು ಇಡಲೇಬೇಕು. ಹೋಸು ಇದ್ದೆಡೆ ಕೂಡುಗಳೂ, ಕೂಡುಗಳಲ್ಲಿ ಓ-ರಿಂಗೆಂಬ ರಬ್ಬರಿನ ಉಂಗುರಗಳೂ ಬೇಕು. ಕಂಡೆನ್ಸರು ಕಾರಿನ ಮುಖದಲ್ಲಿರುವುದರಿಂದ ರಸ್ತೆಯ ಕಲ್ಲಿನ ಹೊಡೆತ ಅದಕ್ಕೇ ಬೀಳುವುದು. ಕೂಲಿಂಗ್ ಕಾಯಿಲು ಸದಾ ಒದ್ದೆಯಾಗಿದ್ದು, ಧೂಳು ಮೆತ್ತಿ, ವರ್ಷಗಳು ಕಳೆದಂತೆ ಒಳಗೊಳಗೇ ತುಕ್ಕು ತಿನ್ನುತ್ತದೆ.

ಶೀತಕದೊಡನೆ ಸ್ವಲ್ಪ ಎಣ್ಣೆಯೂ ಸುತ್ತುತ್ತಿರುತ್ತದೆ. ಕಂಪ್ರೆಸರಿಗೂ ಅದರ ಸೀಲಿಗೂ ಈ ಎಣ್ಣೆಯೇ ಜೀವ. ಚಳಿಗಾಲವಿಡೀ ತಂಪುಯಂತ್ರವನ್ನು ಮುಟ್ಟದೆ ಬಿಟ್ಟರೆ ಸೀಲಿನ ಎಣ್ಣೆ ಆರಿ, ರಬ್ಬರು ಬಿರುಸಾಗಿ, ಸೋರಿಕೆಗೆ ದಾರಿಯಾಗುವುದು. ಆದುದರಿಂದ ಬೇಕಿರಲಿ ಬೇಡದಿರಲಿ, ತಿಂಗಳಿಗೆ ಎರಡು ಮೂರು ಸಲವಾದರೂ ಹತ್ತು ನಿಮಿಷ ಯಂತ್ರವನ್ನು ನಡೆಸುವುದು ಒಳ್ಳೆಯದು.

ಎಲ್ಲ ದೋಷವೂ ಗ್ಯಾಸಿನದಲ್ಲ

ತಂಪು ಕಡಿಮೆಯಾದೊಡನೆ ಗ್ಯಾಸಿನ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ಕಡಿಮೆ ಖರ್ಚಿನ ಕಾರಣಗಳನ್ನು ಮೊದಲು ಪರೀಕ್ಷಿಸಬೇಕು. ಕಾರು ಓಡುವಾಗ ತಂಪು ಬಂದು, ಸಿಗ್ನಲಿನಲ್ಲಿ ನಿಂತಾಗ ಬಿಸಿಯಾಗುವುದಾದರೆ ಕಂಡೆನ್ಸರಿನ ಫ್ಯಾನು ತಿರುಗುತ್ತಿದೆಯೇ ಎಂದು ನೋಡಬೇಕು. ಕಂಡೆನ್ಸರಿನ ರೆಕ್ಕೆಗಳಲ್ಲಿ ಧೂಳು, ಹುಳು, ಒಣಗಿದ ಎಲೆ ಸೇರಿಕೊಂಡಿದ್ದರೆ ಶಾಖ ಹೊರಹೋಗುವ ದಾರಿಯೇ ಕಟ್ಟಿರುತ್ತದೆ. ಮೆಲ್ಲನೆ ನೀರು ಹಾಯಿಸಿ ತೊಳೆದರೆ ಸಾಕು. ಗಾಳಿಯ ವೇಗವೇ ಕುಂದಿದ್ದರೆ ಒಳಗಿನ ಫಿಲ್ಟರು ಕಟ್ಟಿರಬಹುದು. ಕಂಪ್ರೆಸರಿನ ಮುಂಭಾಗದಲ್ಲಿ ಅಯಸ್ಕಾಂತದಿಂದ ಕೆಲಸಮಾಡುವ ಕ್ಲಚ್ಚೊಂದಿದೆ. ಫ್ಯೂಸು ಹೋದರೂ, ರಿಲೇ ಕೆಟ್ಟರೂ ಅದು ಕಚ್ಚುವುದಿಲ್ಲ. ಆಗ ಗ್ಯಾಸು ತುಂಬಿದ್ದರೂ ತಂಪು ಬಾರದು. ಬೆಲ್ಟು ಸಡಿಲವಾಗಿ ಜಾರುತ್ತಿದ್ದರೂ ಹೀಗೆಯೇ.

ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದನ್ನು ಕಂಡು ಕೆಲವರು ಗಾಬರಿಪಡುವುದುಂಟು. ಅದು ದೋಷವಲ್ಲ, ಗಾಳಿಯ ತೇವವು ತಣ್ಣನೆಯ ಕಾಯಿಲಿನ ಮೇಲೆ ಹನಿಗಟ್ಟಿ ಹೊರಗೆ ಹರಿಯುತ್ತಿದೆ. ಒಂದು ಗ್ರಾಮು ಗಾಳಿಯನ್ನು ಒಂದು ಡಿಗ್ರಿ ತಂಪುಮಾಡಲು ಸುಮಾರು ಒಂದು ಜೂಲ್ ಶಾಖವನ್ನು ತೆಗೆದರೆ ಸಾಕು. ಆದರೆ ಒಂದು ಗ್ರಾಮು ನೀರಾವಿಯನ್ನು ಹನಿಯಾಗಿಸಲು ಸುಮಾರು ೨೪೦೦ ಜೂಲ್ ತೆಗೆಯಬೇಕು. ಆದುದರಿಂದಲೇ ರಾಯಚೂರಿನ ಒಣ ಬಿಸಿಲಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಯಂತ್ರವು, ಅಷ್ಟು ಬಿಸಿಲಿಲ್ಲದ ಮಂಗಳೂರಿನ ತೇವದ ಗಾಳಿಯಲ್ಲಿ ಏದುಸಿರು ಬಿಡುವಂತೆ ತೋರಬಹುದು. ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿ, ಒಳಗಿನ ಗಾಳಿಯೇ ಮತ್ತೆ ಸುತ್ತುವಂತೆ ಗುಂಡಿಯನ್ನು ತಿರುಗಿಸಿದರೆ ಈ ಹೊರೆ ಇಳಿಯುತ್ತದೆ.

ಒತ್ತಡವನ್ನು ನೋಡಿದರೆ ಸಾಲದು

ಇವೆಲ್ಲ ಸರಿಯಿದ್ದೂ ತಂಪು ಬಾರದಿದ್ದರೆ ಗ್ಯಾಸು ಕಡಿಮೆಯಾಗಿರಬಹುದು. ಅಂಗಡಿಯವರು ನೀಲಿ, ಕೆಂಪು ಎರಡು ಗೇಜುಗಳನ್ನು ಜೋಡಿಸಿ ಒತ್ತಡವನ್ನು ಅಳೆಯುತ್ತಾರೆ. ಯಂತ್ರ ನಡೆಯುತ್ತಿರುವಾಗ ಈ ಎರಡು ಗೇಜುಗಳು ಒಟ್ಟಾಗಿ ಬಹಳ ವಿಷಯವನ್ನು ಹೇಳುತ್ತವೆ. ಆದರೆ ಎಂಜಿನು ನಿಂತಿರುವಾಗ ಒತ್ತಡವನ್ನಷ್ಟೇ ನೋಡಿ "ಗ್ಯಾಸು ಇಷ್ಟಿದೆ" ಎನ್ನುವಂತಿಲ್ಲ. ಮುಚ್ಚಿದ ಪಾತ್ರೆಯಲ್ಲಿ ದ್ರವವೂ ಅದರ ಆವಿಯೂ ಒಟ್ಟಿಗಿದ್ದಾಗ, ಒತ್ತಡವು ಉಷ್ಣತೆಯಿಂದ ಮಾತ್ರ ನಿರ್ಧಾರವಾಗುತ್ತದೆ, ದ್ರವದ ಪ್ರಮಾಣದಿಂದಲ್ಲ. ೩೦ ಡಿಗ್ರಿಯಲ್ಲಿ ಆರ್-೧೩೪ಎಯ ಒತ್ತಡವು ವಾಯುಮಂಡಲದ ಒತ್ತಡದ ಏಳೂವರೆ ಪಟ್ಟಿಗಿಂತ ತುಸು ಹೆಚ್ಚು. ದ್ರವವು ೫೦೦ ಗ್ರಾಮಿರಲಿ, ೫೦ ಗ್ರಾಮಿರಲಿ, ಮುಳ್ಳು ಅಲ್ಲಿಯೇ ನಿಲ್ಲುವುದು.

ಅಡುಗೆ ಅನಿಲದ ಸಿಲಿಂಡರನ್ನು ನೆನೆದರೆ ಇದು ಸ್ಪಷ್ಟವಾಗುವುದು. ಅದರಲ್ಲಿ ಅನಿಲ ಎಷ್ಟು ಉಳಿದಿದೆಯೆಂದು ತಿಳಿಯಲು ಅದನ್ನು ತೂಗಬೇಕು. ತಂಪುಯಂತ್ರಕ್ಕೂ ಶೀತಕವನ್ನು ತಕ್ಕಡಿಯ ಮೇಲಿಟ್ಟ ಸಿಲಿಂಡರಿನಿಂದ ಗ್ರಾಮಿನ ಲೆಕ್ಕದಲ್ಲಿಯೇ ತುಂಬಬೇಕು. ಎಷ್ಟು ಗ್ರಾಮೆಂಬುದನ್ನು ತಯಾರಕರು ಸಾಮಾನ್ಯವಾಗಿ ಬಾನೆಟ್ಟಿನ ಕೆಳಗೆ ಒಂದು ಚೀಟಿಯಲ್ಲಿ ಅಂಟಿಸಿರುತ್ತಾರೆ. ಕಡಿಮೆಯಾದರೆ ತಂಪು ಕುಂದುವುದಲ್ಲದೆ ಎಣ್ಣೆಯು ಕಂಪ್ರೆಸರಿಗೆ ಸರಿಯಾಗಿ ಹಿಂದಿರುಗುವುದಿಲ್ಲ. ಹೆಚ್ಚಾದರೆ ಕಂಡೆನ್ಸರಿನಲ್ಲಿ ದ್ರವ ತುಂಬಿ ಒತ್ತಡವೇರುವುದು, ತಂಪು ಆಗಲೂ ಕುಂದುವುದು. "ಇನ್ನೂ ಸ್ವಲ್ಪ ಹಾಕಿರಿ" ಎಂದು ಒತ್ತಾಯಿಸುವುದರಿಂದ ಲಾಭವಿಲ್ಲ.

ನಿಜವಾದ ದುರಸ್ತಿಯ ಮೂರು ಹೆಜ್ಜೆ

ಮೊದಲನೆಯದು, ಸೋರಿಕೆಯನ್ನು ಹುಡುಕುವುದು. ಶೀತಕವು ಹೊರಬರುವೆಡೆಯಲ್ಲಿ ಎಣ್ಣೆಯೂ ಸ್ವಲ್ಪ ಹೊರಬಂದು, ಅದಕ್ಕೆ ಧೂಳು ಅಂಟಿ ಕಪ್ಪು ಜಿಡ್ಡಿನ ಕಲೆಯಾಗಿರುವುದುಂಟು. ಕೂಡುಗಳನ್ನೂ ಹೋಸಿನ ತುದಿಗಳನ್ನೂ ಟಾರ್ಚು ಹಿಡಿದು ನೋಡಿದರೆ ಎಷ್ಟೋ ವೇಳೆ ಇದರಿಂದಲೇ ಜಾಗ ತಿಳಿಯುತ್ತದೆ. ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದನ್ನು ನೋಡಬಹುದು. ಅತಿನೇರಿಳೆ ಬೆಳಕಿನಲ್ಲಿ ಹೊಳೆಯುವ ಬಣ್ಣವನ್ನು ಎಣ್ಣೆಯೊಡನೆ ಕಳುಹಿಸಿ ಪತ್ತೆಮಾಡುವ ಕ್ರಮವೂ, ಶೀತಕದ ಜಾಡನ್ನು ಹಿಡಿಯುವ ವಿದ್ಯುನ್ಮಾನ ಉಪಕರಣಗಳೂ ಇವೆ. ಯಂತ್ರ ಪೂರ್ತಿ ಬರಿದಾಗಿದ್ದರೆ ಒಣ ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿ, ಮುಳ್ಳು ಇಳಿಯುವುದೇ ಎಂದು ಪರೀಕ್ಷಿಸಬೇಕು. ಟೈರಿಗೆ ಹಾಕುವ ಗಾಳಿಯನ್ನು ಇದಕ್ಕೆ ಬಳಸಬಾರದು, ಅದರಲ್ಲಿ ತೇವವಿರುತ್ತದೆ.

ಎರಡನೆಯದು, ಸೋರುವ ಭಾಗವನ್ನು ಸರಿಪಡಿಸುವುದು. ಹಲವು ವೇಳೆ ದೋಷವು ಅಲ್ಪ ಬೆಲೆಯ ಒಂದು ಓ-ರಿಂಗಿನಲ್ಲಿ ಇರುತ್ತದೆ. ಕೆಲವೊಮ್ಮೆ ಕಂಡೆನ್ಸರನ್ನೋ ಕೂಲಿಂಗ್ ಕಾಯಿಲನ್ನೋ ಬದಲಿಸಬೇಕಾಗುವುದು; ಕಾಯಿಲಿಗಾಗಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾದ ಕಾರುಗಳೂ ಉಂಟು. ಯಂತ್ರವನ್ನು ತೆರೆದಾಗ ಡ್ರೈಯರನ್ನೂ ಬದಲಿಸಬೇಕು, ಏಕೆಂದರೆ ಹೊರಗಿನ ಗಾಳಿ ತಗುಲಿದರೆ ಅದರೊಳಗಿನ ಹರಳುಗಳು ತೇವದಿಂದ ತುಂಬಿಹೋಗುತ್ತವೆ.

ಮೂರನೆಯದು, ನಿರ್ವಾತ. ಶೀತಕವನ್ನು ತುಂಬುವ ಮೊದಲು ಪಂಪಿನಿಂದ ಕೊಳವೆಗಳ ಗಾಳಿಯನ್ನೆಲ್ಲ ಹೊರಗೆಳೆಯಬೇಕು. ಒಳಗುಳಿದ ಗಾಳಿಯು ಕಂಡೆನ್ಸರಿನಲ್ಲಿ ದ್ರವವಾಗದೆ ಸುಮ್ಮನೆ ಸ್ಥಳವನ್ನು ಆಕ್ರಮಿಸಿ ಒತ್ತಡವನ್ನು ಏರಿಸುತ್ತದೆ. ಒಳಗುಳಿದ ನೀರು ವಾಲ್ವಿನ ಕಿರುಗಂಡಿಯಲ್ಲಿ ಮಂಜುಗಟ್ಟಿ ದಾರಿಯನ್ನು ಮುಚ್ಚುವುದಲ್ಲದೆ, ಕಾಲಕ್ರಮದಲ್ಲಿ ಆಮ್ಲಗಳನ್ನು ಹುಟ್ಟಿಸಿ ಲೋಹವನ್ನು ತಿನ್ನುತ್ತದೆ. ಕೊಳವೆಯ ಗೋಡೆಗೆ ಅಂಟಿದ ನೀರನ್ನು ತೆಗೆಯುವುದು ಹೇಗೆ? ಕುದಿಸಿ. ಒತ್ತಡವು ಪಾದರಸದ ೩೨ ಮಿಲಿಮೀಟರಿಗೆ ಇಳಿದರೆ ನೀರು ೩೦ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಪಂಪು ಒತ್ತಡವನ್ನು ಅದಕ್ಕಿಂತ ಬಹಳ ಕೆಳಗಿಳಿಸಿ, ಅರ್ಧ ಗಂಟೆಯೋ ಹೆಚ್ಚೋ ಎಳೆಯುತ್ತಿದ್ದರೆ ತೇವವೆಲ್ಲ ಆವಿಯಾಗಿ ಹೊರಟುಹೋಗುವುದು. ಬಳಿಕ ಪಂಪನ್ನು ನಿಲ್ಲಿಸಿ ವಾಲ್ವನ್ನು ಮುಚ್ಚಿ ಕಾದು ನೋಡಬೇಕು. ಮುಳ್ಳು ಕದಲದಿದ್ದರೆ ಶೀತಕವನ್ನು ತುಂಬಬಹುದು. ಅದು ಮೇಲೇರುತ್ತ ಹೋದರೆ ಇನ್ನೂ ಸೋರಿಕೆಯೋ ತೇವವೋ ಉಳಿದಿದೆ. ಹತ್ತು ನಿಮಿಷದಲ್ಲಿ ಗ್ಯಾಸು ತುಂಬಿಸಿ ಕಳುಹಿಸುವ ಕಡೆ ಈ ಹೆಜ್ಜೆಗಳಲ್ಲಿ ಯಾವುದೂ ನಡೆದಿರಲು ಸಾಧ್ಯವಿಲ್ಲ.

ತೀರ ಹಳೆಯ ಕಾರುಗಳ ಮಾತು

೧೯೯೦ರ ದಶಕಕ್ಕೆ ಮುಂಚಿನ ಕಾರುಗಳಲ್ಲಿ ಶೀತಕವು ಆರ್-೧೨ ಎಂಬ ಬೇರೆ ದ್ರವ್ಯವಾಗಿತ್ತು. ಅದರ ಕಥೆಯನ್ನು ಸಂಗ್ರಹವಾಗಿ ಹೇಳಬೇಕು. ಮೊದಮೊದಲು ತಂಪುಯಂತ್ರಗಳಲ್ಲಿ ಅಮೋನಿಯಾ, ಗಂಧಕದ ಡೈಆಕ್ಸೈಡ್ ಮೊದಲಾದ ವಿಷಾನಿಲಗಳನ್ನು ಬಳಸುತ್ತಿದ್ದರು. ೧೯೨೮ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿ ಮತ್ತು ಅವರ ಸಂಗಡಿಗರು ಉರಿಯದ, ವಿಷವಲ್ಲದ ಆರ್-೧೨ನ್ನು ಶೀತಕವಾಗಿ ಮುಂದಿಟ್ಟರು. ೧೯೩೯ರಲ್ಲಿ ಪ್ಯಾಕರ್ಡ್ ಕಂಪನಿಯು ಕಾರಿಗೆ ತಂಪುಯಂತ್ರವನ್ನು ಜೋಡಿಸಿ ಮಾರಿತು. ದಶಕಗಳ ಕಾಲ ಆರ್-೧೨ ನಿರಪಾಯವೆಂದೇ ಎಲ್ಲರೂ ಭಾವಿಸಿದ್ದರು.

೧೯೭೪ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಬೇರೊಂದು ಮುಖವನ್ನು ತೋರಿಸಿದರು. ಈ ಅನಿಲವು ಕೆಳಗಿನ ವಾತಾವರಣದಲ್ಲಿ ಒಡೆಯದೆ ಮೇಲೇರಿ, ಸ್ತರಗೋಳದಲ್ಲಿ ಅತಿನೇರಿಳೆ ಕಿರಣಗಳಿಂದ ಒಡೆದು ಕ್ಲೋರಿನ್ ಪರಮಾಣುಗಳನ್ನು ಬಿಡುತ್ತದೆ. ಒಂದೊಂದು ಪರಮಾಣುವೂ ಸಾವಿರಾರು ಓಜೋನ್ ಅಣುಗಳನ್ನು ನಾಶಮಾಡಬಲ್ಲದು. ೧೯೮೫ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಜೋನ್ ಬಹಳವಾಗಿ ಕ್ಷೀಣಿಸಿರುವುದು ವರದಿಯಾಯಿತು. ೧೯೮೭ರ ಸೆಪ್ಟೆಂಬರ್ ೧೬ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿಬಿತ್ತು. ಭಾರತದಲ್ಲಿ ೨೦೦೩ರ ಆರಂಭದಿಂದ ಹೊಸ ತಂಪುಯಂತ್ರಗಳ ತಯಾರಿಕೆಯಲ್ಲಿ ಈ ಜಾತಿಯ ಅನಿಲಗಳ ಬಳಕೆ ನಿಷಿದ್ಧವಾಯಿತು. ೨೦೦೮ರ ಆಗಸ್ಟಿನಿಂದ, ಕೆಲವು ಔಷಧಗಳ ಬಳಕೆಯನ್ನುಳಿದು, ಅವುಗಳ ಉತ್ಪಾದನೆಯೇ ನಿಂತಿತು.

ಆದುದರಿಂದ ಆರ್-೧೨ಕ್ಕಾಗಿ ಕಟ್ಟಿದ ಕಾರನ್ನು ಇಟ್ಟುಕೊಂಡವರು ಅದನ್ನು ಆರ್-೧೩೪ಎಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಇದು ಒಂದನ್ನು ತೆಗೆದು ಇನ್ನೊಂದನ್ನು ತುಂಬುವ ಕೆಲಸವಲ್ಲ. ಹಳೆಯ ಯಂತ್ರದ ಖನಿಜತೈಲವು ಹೊಸ ಶೀತಕದಲ್ಲಿ ಕರಗುವುದಿಲ್ಲ. ಕರಗದ ಎಣ್ಣೆ ಕಾಯಿಲಿನಲ್ಲಿಯೇ ಉಳಿದು, ಕಂಪ್ರೆಸರು ಒಣಗಿ ಹಿಡಿದುಕೊಳ್ಳುವುದು. ಹಳೆಯ ಎಣ್ಣೆಯನ್ನು ಬಸಿದು ತಕ್ಕ ಹೊಸ ಎಣ್ಣೆಯನ್ನು ಹಾಕಬೇಕು. ಡ್ರೈಯರನ್ನೂ ರಬ್ಬರಿನ ಉಂಗುರಗಳನ್ನೂ ಬದಲಿಸಬೇಕು. ಹೊಸ ಶೀತಕವನ್ನು ಹಳೆಯದರ ತೂಕದ ಶೇಕಡ ೮೦ರಿಂದ ೯೦ರಷ್ಟು ಮಾತ್ರ ತುಂಬಬೇಕು. ಇಷ್ಟಾದರೂ ಕಡುಬೇಸಗೆಯಲ್ಲಿ ತಂಪು ಮೊದಲಿನದಕ್ಕಿಂತ ತುಸು ಕಡಿಮೆಯಿರಬಹುದು. ಹೊಸ ಅನಿಲದ ಒತ್ತಡವು ಕಂಡೆನ್ಸರಿನಲ್ಲಿ ಹೆಚ್ಚಾಗಿರುವುದೇ ಇದಕ್ಕೆ ಕಾರಣ.

ಅಗ್ಗವೆಂದು ಅಡುಗೆಯ ಅನಿಲವನ್ನೋ ಅದರ ಮಿಶ್ರಣವನ್ನೋ ತುಂಬುವವರಿದ್ದಾರೆ. ಅದರಿಂದ ತಂಪು ಬರುತ್ತದೆಂಬುದು ನಿಜ. ಆದರೆ ಸೋರುವ ಕೂಲಿಂಗ್ ಕಾಯಿಲು ಪ್ರಯಾಣಿಕರಿರುವ ಭಾಗಕ್ಕೇ ತೆರೆದಿದೆಯೆಂಬುದನ್ನು ಮರೆಯಬಾರದು. ಮುಚ್ಚಿದ ಕಾರಿನಲ್ಲಿ ಉರಿಯುವ ಅನಿಲ ತುಂಬಿದರೆ ಒಂದು ಕಿಡಿ ಸಾಕು. ಯಾವ ಕಾರಣಕ್ಕೂ ಇದಕ್ಕೆ ಒಪ್ಪಬಾರದು.

ಸೋರಿದ್ದು ಎಲ್ಲಿಗೆ ಹೋಯಿತು?

ಆರ್-೧೩೪ಎಯಲ್ಲಿ ಕ್ಲೋರಿನ್ ಇಲ್ಲ. ಅದು ಓಜೋನನ್ನು ಕೆಡಿಸುವುದಿಲ್ಲ. ಆದರೆ ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ, ನೂರು ವರ್ಷಗಳ ಲೆಕ್ಕದಲ್ಲಿ, ಅದು ತನ್ನಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ ಸುಮಾರು ೧೪೦೦ ಪಟ್ಟು ಪ್ರಬಲವಾದುದು. ೬೦೦ ಗ್ರಾಮು ಸೋರಿಹೋದರೆ ೮೪೦ ಕಿಲೋಗ್ರಾಮು ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ೨.೩ ಕಿಲೋಗ್ರಾಮು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಹಾಗಾದರೆ ಈ ಸೋರಿಕೆಯು ೩೬೫ ಲೀಟರು ಪೆಟ್ರೋಲಿಗೆ ಸಮ. ಲೀಟರಿಗೆ ೧೫ ಕಿಲೋಮೀಟರು ಓಡುವ ಕಾರು ಅಷ್ಟರಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋಗಿ ಬಂದು, ಇನ್ನೂ ಸಾವಿರ ಕಿಲೋಮೀಟರು ಓಡಬಲ್ಲದು. ಸೋರುವ ಯಂತ್ರಕ್ಕೆ ವರ್ಷವರ್ಷವೂ ಗ್ಯಾಸು ತುಂಬಿಸುವುದೆಂದರೆ ವರ್ಷವರ್ಷವೂ ಇಷ್ಟನ್ನು ಆಕಾಶಕ್ಕೆ ಬಿಡುವುದೆಂದೇ ಆಯಿತು. ಈ ಕಾರಣದಿಂದಲೇ ೨೦೧೬ರಲ್ಲಿ ಕಿಗಾಲಿಯಲ್ಲಿ ರಾಷ್ಟ್ರಗಳು ಇಂತಹ ಶೀತಕಗಳನ್ನೂ ಕ್ರಮೇಣ ತಗ್ಗಿಸಲು ಒಪ್ಪಿದವು; ಭಾರತವು ೨೦೨೧ರಲ್ಲಿ ಇದನ್ನು ಅಂಗೀಕರಿಸಿತು.

ಶೀತಕದ ಕೊಳವೆಗಳನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಚಿಮ್ಮುವ ಶೀತಕವು ಚರ್ಮವನ್ನು ಹೆಪ್ಪುಗಟ್ಟಿಸಬಲ್ಲದು, ಕಣ್ಣಿಗೆ ತೀವ್ರ ಅಪಾಯವನ್ನು ಮಾಡಬಲ್ಲದು. ಬೆಂಕಿ ತಗುಲಿದರೆ ಅದರಿಂದ ವಿಷಾನಿಲ ಹುಟ್ಟುವುದು. ಯಂತ್ರದಲ್ಲಿ ಉಳಿದಿರುವ ಶೀತಕವನ್ನು ಬಯಲಿಗೆ ಬಿಡದೆ ಯಂತ್ರದಿಂದ ಹಿಂದಕ್ಕೆಳೆದು ಸಿಲಿಂಡರಿನಲ್ಲಿ ಶೇಖರಿಸುವ ಅಂಗಡಿಯನ್ನೇ ಆರಿಸಿಕೊಳ್ಳುವುದು ಮೇಲು.

ಕಾರಿನ ಒಡೆಯರು ಮಾಡಬೇಕಾದದ್ದು ಇಷ್ಟೆ. "ಗ್ಯಾಸು ಖಾಲಿಯಾಗಿದೆ" ಎಂಬ ಮಾತು ಕೇಳಿದೊಡನೆ "ಎಲ್ಲಿಂದ ಸೋರಿತು?" ಎಂದು ಕೇಳಬೇಕು. ಸೋರಿದ ಜಾಗವನ್ನು ತೋರಿಸುವಂತೆಯೂ, ಎಷ್ಟು ಹೊತ್ತು ನಿರ್ವಾತ ಮಾಡುವರೆಂದೂ, ಎಷ್ಟು ಗ್ರಾಮು ತೂಗಿ ತುಂಬುವರೆಂದೂ ವಿಚಾರಿಸಬೇಕು. ಒಳ್ಳೆಯ ಕೆಲಸಗಾರರು ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ; ತಮ್ಮ ಕೆಲಸವನ್ನು ಅರಿತ ಗಿರಾಕಿ ಸಿಕ್ಕಿದನೆಂದು ಸಂತೋಷಪಡುತ್ತಾರೆ. ಮೊದಲ ಸಲ ಖರ್ಚು ಸ್ವಲ್ಪ ಹೆಚ್ಚಾದೀತು. ಆದರೆ ಸೋರಿಕೆ ನಿಂತ ಯಂತ್ರಕ್ಕೆ ಮುಂದಿನ ಬೇಸಗೆಯಲ್ಲಿ ಗ್ಯಾಸು ತುಂಬಿಸಬೇಕಾದ ಪ್ರಮೇಯವೇ ಬಾರದು.